ವಿಠೋಬನ ಒರಳಿನ ಪಕ್ಕದ ಕುರ್ಚಿ

ಹೋಳಿ ಮುಗಿಯಿತೆಂದರೆ ಐನಾಪುರದ ಬಸ್ ನಿಲ್ದಾಣದಲ್ಲಿ ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ಊರು ನೋಡುತ್ತಾರೆ. ನಿಲ್ದಾಣದ ಹಿಂದಿನ ಓಣಿಯಲ್ಲಿ, ಟ್ರ್ಯಾಕ್ಟರ್ ಟಯರಿಗೆ ಪಂಕ್ಚರ್ ಹಾಕುವ ಅಂಗಡಿಯ ಪಕ್ಕದಲ್ಲಿ, ಒಂದು ತಗಡಿನ ಶೆಡ್ಡಿದೆ. ಅಲ್ಲಿ ಸಾವಿತ್ರೆವ್ವ ಖಾರ ಕುಟ್ಟುತ್ತಾಳೆ. ಧಡ್ ಧಡ್ ಎಂದು ಕಬ್ಬಿಣದ ಒನಕೆಗಳು ಬೀಳುತ್ತಿರುತ್ತವೆ, ಕೆಂಪು ಧೂಳು ಓಣಿಯ ತುಂಬ ಎದ್ದಿರುತ್ತದೆ, ಬಂದ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿರುತ್ತಾರೆ. ಸಾವಿತ್ರೆವ್ವ ಮಾತ್ರ ಸೀನುವುದಿಲ್ಲ. ಕೇಳಿದರೆ, "ಕುರಿ ಉಣ್ಣೆ ಕತ್ತರಿಸೂ ಧೂಳ ಕುಡದ ಮೂಗಿದು, ಖಾರಕ್ಕೆಲ್ಲಿ ಹೆದರತೈತಿ" ಎನ್ನುತ್ತಾಳೆ.

ನಮ್ಮ ಕಡೆಯ ಖಾರದ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸಗೆಯಲ್ಲಿ ಪ್ರತಿ ಮನೆಯೂ ವರ್ಷಕ್ಕಾಗುವಷ್ಟು ಖಾರ ಮಾಡಿಸಿಕೊಳ್ಳುತ್ತದೆ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಸಂಕೇಶ್ವರದ ಮೆಣಸಿನಕಾಯಿ, ಜೊತೆಗೆ ಒಣಕೊಬ್ಬರಿ, ಎಳ್ಳು, ಹವೀಜ ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ದಾಲ್ಚಿನ್ನಿ, ಇಂಗು. ಮಾಳಿಗೆಯ ಮೇಲೆ ಒಣಗಿಸಿ, ತೊಟ್ಟು ಬಿಡಿಸಿ, ಎಣ್ಣೆಯಲ್ಲಿ ಹುರಿದು, ಚೀಲ ಕಟ್ಟಿ, ಮಷಿನ್ನಿಗೆ ಒಯ್ಯುತ್ತಾರೆ. ಹೆಚ್ಚಿನ ಮನೆಗಳು ಉಳ್ಳಾಗಡ್ಡಿ ಹುರಿದು, ಬೆಳ್ಳುಳ್ಳಿ ಜಜ್ಜಿ ಅದಕ್ಕೇ ಸೇರಿಸುತ್ತವೆ. ಆದರೆ ಕೊರಳಲ್ಲಿ ತುಳಸಿಮಾಲೆ ಹಾಕಿದ ವಾರಕರಿ ಮನೆಗಳೂ ನಮ್ಮಲ್ಲಿ ಬಹಳ. ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು, ಗುಂಪಾಗಿ ಭಜನೆ ಮಾಡುತ್ತ, ಪಂಢರಪುರದ ವಿಠೋಬನಲ್ಲಿಗೆ ನಡೆದು ಹೋಗುವ ಮಂದಿ ಅವರು. ಅವರ ಖಾರಕ್ಕೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ತಾಕುವಂತಿಲ್ಲ.

ಅದಕ್ಕೇ ಸಾವಿತ್ರೆವ್ವನ ಶೆಡ್ಡಿನಲ್ಲಿ ಎರಡು ಒರಳು, ನಮ್ಮ ಆಡುಮಾತಿನಲ್ಲಿ ಒಳ್ಳ. ಒಂದಕ್ಕೆ ಸುತ್ತಲೂ ಅರಿಷಿಣ ಬಳಿದಿದ್ದಾಳೆ, ಅದು ವಿಠೋಬನ ಒರಳು. ಇನ್ನೊಂದು ಅವಳ ಕುಲದೇವರು ಬೀರಪ್ಪನದು. "ಬೀರಪ್ಪಗ ಏನ್ ಹಾಕಿದ್ರೂ ನಡೀತೈತಿ, ಅಂವ ಕುರಿನೂ ಉಂಡಾನ. ವಿಠೋಬಂದು ಹಂಗಲ್ಲ, ಆಂವ ಬಾಳ ನಾಜೂಕ" ಎನ್ನುವುದು ಅವಳ ವಿವರಣೆ. ಈ ಎರಡು ದೇವರನ್ನು ಒಂದೇ ಮೋಟರಿಗೆ ಕಟ್ಟಿ ದುಡಿಸಿದ ಹೆಂಗಸನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಅವಳು ಹುಟ್ಟಿದ್ದು ರಾಯಬಾಗ ಕಡೆಯ ಕುರುಬರ ಮನೆಯಲ್ಲಿ, ಬೆಳೆದದ್ದು ಕುರಿಗಳ ಹಿಂದೆ. ಮದುವೆಯಾಗಿ ಮಲಕಾರಿಯ ಮನೆ ಸೇರಿದ ಮೇಲೂ ಅದೇ ನಡಿಗೆ. ಕಟಾವಾದ ಹೊಲದಿಂದ ಇನ್ನೊಂದು ಹೊಲಕ್ಕೆ, ಇವತ್ತು ಹಾರೂಗೇರಿಯ ಬದಿ, ನಾಳೆ ಕೃಷ್ಣೆಯ ದಂಡೆ. ಕುದುರೆಯ ಮೇಲೆ ಪಾತ್ರೆ, ಪಾತ್ರೆಯ ಮೇಲೆ ಕೋಳಿಬುಟ್ಟಿ, ಬುಟ್ಟಿಯ ಪಕ್ಕದಲ್ಲಿ ಕೂಸು. ಮಗಳನ್ನು ಹೆತ್ತದ್ದು ಯಾರದೋ ಕಬ್ಬಿನ ಹೊಲದ ಒಡ್ಡಿನ ಮೇಲೆ, ಕಂಬಳಿಯ ಮರೆಯಲ್ಲಿ. ಮೊಣಕಾಲು ಸವೆದು, ಕೂತರೆ ಏಳಲಾರದ, ಎದ್ದರೆ ಕೂರಲಾರದ ಸ್ಥಿತಿ ಬಂದಾಗ ಅವಳು ಗಂಡನಿಗೆ ಹೇಳಿದಳಂತೆ: "ಇನ್ನ ನನಗ ನಿಂತ ಜಾಗಾದಾಗ ನಿಲ್ಲೂದೈತಿ. ನೀ ಹೋಗು, ಬಂದಾಗ ಬಾ."

ಕುರುಬರಲ್ಲಿ ತವರಿನವರು ಮಗಳಿಗೆ ಕುರಿ ಕೊಡುತ್ತಾರೆ. ಅವು ಮತ್ತು ಅವುಗಳ ಮರಿ ಗಂಡನ ಹಿಂಡಿನಲ್ಲೇ ಮೇಯ್ದರೂ ಕಿವಿಯ ಗುರುತು ಬೇರೆ, ಅವು ಹೆಂಡತಿಯವು. ಸಾವಿತ್ರೆವ್ವ ತನ್ನ ಗುರುತಿನ ಕುರಿಗಳನ್ನೆಲ್ಲ ಮಾರಿ ಹಳೆಯ ಖಾರದ ಮಷಿನ್ ತಂದಳು. ಮಲಕಾರಿ ಊರ ಮಂದಿಯ ಮುಂದೆ ತಲೆ ಚಚ್ಚಿಕೊಂಡ.

"ಕುರಿ ಮರಿ ಹಾಕತೈತಿ. ಆ ಕಬ್ಬಣ ಏನ್ ಹಾಕತೈತಿ ಹೇಳು?"

"ಕಬ್ಬಣ ಒಂದ ಜಾಗಾದಾಗ ಕುಂಡರತೈತಿ. ನನಗ ಅಷ್ಟ ಸಾಕು."

ಗಂಡ ಹೆಂಡತಿ ಇಬ್ಬರದೂ ಏಕವಚನವೇ. ಒಂದೇ ಹಿಂಡಿನ ಹಿಂದೆ ಆಯುಷ್ಯ ಸವೆಸಿದವರ ನಡುವೆ ಬಹುವಚನ ಎಲ್ಲಿಂದ ಬರಬೇಕು?

ಇಲ್ಲಿ ನನಗೆ ಸಿಟ್ಟು ಬರುತ್ತದೆ, ಅದನ್ನೂ ಬರೆದುಬಿಡುತ್ತೇನೆ. ಮಾರ್ಚ್ ತಿಂಗಳು ಬಂತೆಂದರೆ ಮಹಿಳಾ ದಿನದ ಹೆಸರಿನಲ್ಲಿ ಶಾಲು ಹಿಡಿದವರು ಇಂಥ ಹೆಂಗಸರನ್ನು ಹುಡುಕಿಕೊಂಡು ಬರುತ್ತಾರೆ. ಸಾವಿತ್ರೆವ್ವನನ್ನೂ ವೇದಿಕೆಗೆ ಹತ್ತಿಸಿದ್ದರು. ಛಲಗಾತಿ, ಧೀರೆ, ಸ್ವಾವಲಂಬಿ ಎಂದು ಮೈಕಿನಲ್ಲಿ ಒದರಿದರು. ಶಾಲು ಹೊದಿಸಿದ ಮುಖಂಡನಿಗೆ ಅವಳು ಮೆಲ್ಲಗೆ, "ಸಾಹೇಬ್ರ, ಈ ಬ್ಯಾಸಗ್ಯಾಗ ಶಾಲು ಯಾಕ್ರಿ? ಮುಂಜಾನಿ ಕರೆಂಟ್ ಕೊಡಸ್ರಿ ಸಾಕು" ಎಂದಳು. ವೇದಿಕೆಯ ಮೇಲಿದ್ದವರೆಲ್ಲ ಚೆನ್ನಾಗಿ ನಕ್ಕರು. ಹಾಸ್ಯ ಎಂದುಕೊಂಡರು. ಹೆಣ್ಣುಮಗಳು ಬಿದ್ದು ಎದ್ದಾಗ ಚಪ್ಪಾಳೆ ತಟ್ಟಲು ಎಲ್ಲರಿಗೂ ಪುರುಸೊತ್ತಿದೆ. ಅವಳು ಬೀಳುವ ಗುಂಡಿ ಮುಚ್ಚಲು ಯಾರಿಗೂ ಇಲ್ಲ. ಆ ವರ್ಷವೂ ಕರೆಂಟ್ ಮನಸ್ಸಿಗೆ ಬಂದಾಗ ಬಂತು, ಮನಸ್ಸಿಗೆ ಬಂದಾಗ ಹೋಯಿತು. ಮುಂದೆ ಆದ ಅನಾಹುತದಲ್ಲಿ ಅದರ ಪಾಲೂ ಇದೆ.

ಶೆಡ್ ನಿಂತಿರುವ ಜಾಗ ರಾವಸಾಹೇಬನದು. ದ್ರಾಕ್ಷಿ ತೋಟ, ಹೊಳೆದಂಡೆಯ ಕಬ್ಬು ಎಲ್ಲ ಇರುವ ಮನೆ. ಅವನ ತಾಯಿ, ಎಂಬತ್ತು ದಾಟಿದ ಕಾಳವ್ವ, ಮಾಲೆ ಹಾಕಿದ ಹಿರಿಯಳು. ಐನಾಪುರದ ದಿಂಡಿಗೆ ಅಡುಗೆ ಸಾಮಾನು ಹೋಗುವುದು ಅವಳ ಮನೆಯಿಂದಲೇ. ಖಾರದ ಮಷಿನ್ ಊರಿಗೆ ಬೇಕು ಎಂದು ಅವಳೇ ಮಾತು ಕೊಟ್ಟು ಸಾವಿತ್ರೆವ್ವನನ್ನು ಆ ಜಾಗದಲ್ಲಿ ಕೂರಿಸಿದ್ದಳು. ಮಗನಿಗೆ ಈಗ ಅಲ್ಲಿ ಮಳಿಗೆಗಳ ಸಾಲು ಕಟ್ಟಿಸುವ ಆಸೆ. ತಾಯಿಯ ಮಾತು ಮೀರಲಾಗದೆ ನೆಪಕ್ಕಾಗಿ ಕಾಯುತ್ತಿದ್ದ. ಸಾವಿತ್ರೆವ್ವನಿಗೂ ಅದು ಗೊತ್ತಿತ್ತು. ಈ ಜಾಗ ಹೋದರೆ ಅವಳಿಗೆ ಬೇರೆ ಜಾಗವಿಲ್ಲ. ಮಷಿನ್ನನ್ನು ಕುದುರೆಯ ಮೇಲೆ ಹೇರಿಕೊಂಡು ತಿರುಗಲು ಬರುವುದಿಲ್ಲ. ಮತ್ತೆ ಕುರಿಯ ಹಿಂದೆ ನಡೆಯಬೇಕು, ಆ ಮೊಣಕಾಲು ಹೊತ್ತುಕೊಂಡು.

ಹೋದ ಬೇಸಗೆಯ ಒಂದು ಬೆಳಿಗ್ಗೆ ಉಗಾರ ಖುರ್ದದಿಂದ ಸೋನಾಲಿ ಎಂಬ ಹುಡುಗಿ ಚೀಲ ಹೊತ್ತು ಬಂದಳು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಹಾಲು ಕುಡಿಯುವ ಕೂಸನ್ನು ನೆರೆಮನೆಗೆ ಬಿಟ್ಟು ಬಂದಿದ್ದಳು. ಅವಳ ಖಾರ ಬೀರಪ್ಪನ ಒರಳಿನಲ್ಲಿ ಅರ್ಧ ಕುಟ್ಟಿ ಆಗಿತ್ತು, ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿದ್ದಿತ್ತು. ಅಷ್ಟರಲ್ಲಿ ಆ ಒರಳನ್ನು ಮೋಟರಿಗೆ ಜೋಡಿಸುವ ಬೆಲ್ಟು, ಪಟ್ಟಾ, ಫಟ್ಟೆಂದು ಹರಿಯಿತು.

"ಕಾಕು, ಬಾಜೂದ್ದು ಖಾಲಿ ಐತಲ್ರಿ" ಎಂದಳು ಸೋನಾಲಿ.

"ಅದು ವಿಠೋಬಂದ ಐತೆವಾ. ಬಳ್ಳೊಳ್ಳಿ ನಡಿಯಂಗಿಲ್ಲ."

"ನನ್ನ ಕೂಸು ಅಳಾಕತ್ತಿರತೈತ್ರಿ. ಈ ಬಸ್ ತಪ್ಪಿದ್ರ ಮುಗೀತು ನನ್ನ ಕಥಿ. ವಿಠೋಬಗೂ ಕೂಸಿನ ದನಿ ಕೇಳಸತೈತಿ, ಹಾಕ್ರಿ ಕಾಕು."

ಸಾವಿತ್ರೆವ್ವ ಹಾಕಿದಳು. ಕಬ್ಬಿನ ಒಡ್ಡಿನ ಮೇಲೆ ಹೆತ್ತವಳಿಗೆ ಕೂಸಿನ ಹೆಸರು ಹೇಳಿದರೆ ಕೈ ಸುಮ್ಮನಿರುವುದಿಲ್ಲ. ಅವಳ ಲೆಕ್ಕಾಚಾರವೂ ತಪ್ಪಾಗಿರಲಿಲ್ಲ. ಖಾರದ ಒರಳಿಗೆ ನೀರು ತೋರಿಸುವಂತಿಲ್ಲ. ಮೊದಲು ಜೋಳ ಹಾಕಿ ಕುಟ್ಟಬೇಕು, ಆಮೇಲೆ ಕಲ್ಲುಪ್ಪು ಹಾಕಿ ಕುಟ್ಟಬೇಕು, ಅದು ಮೂಲೆ ಮೂಲೆಯ ವಾಸನೆಯನ್ನೆಲ್ಲ ಎಳೆದುಕೊಂಡು ಬರುತ್ತದೆ. ಕೊನೆಗೆ ಒರಸಿ ಅರಿಷಿಣ ಬಳಿದರೆ ಒರಳು ಮತ್ತೆ ವಿಠೋಬನದು. ಸೋನಾಲಿಯನ್ನು ಬಸ್ಸಿಗೆ ಓಡಿಸಿ, ಜೋಳದ ಡಬ್ಬಿ ತೆಗೆದು ಒರಳಿನ ಮುಂದೆ ಕೂತಳು. ಗುಂಡಿ ಒತ್ತಿದಳು. ಕರೆಂಟ್ ಹೋಗಿತ್ತು.

ಮಲಕಾರಿ ಹಿಂದಿನ ದಿನವಷ್ಟೇ ಹಿಂಡನ್ನು ತಮ್ಮನಿಗೆ ಒಪ್ಪಿಸಿ, ಮರಿಗಳಿಗೆ ಔಷಧ ಒಯ್ಯಲು ಊರಿಗೆ ಬಂದಿದ್ದ. ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕೂತು ಹೆಂಡತಿಯ ಅವಸ್ಥೆ ನೋಡಿ ಮೀಸೆಯಲ್ಲೇ ನಗುತ್ತಿದ್ದ.

"ನೋಡು, ನಿನ್ನ ಕಬ್ಬಣ ಮಕ್ಕೊಂಡ್ತು. ನನ್ನ ಕುರಿ ಕರೆಂಟ್ ಹೋದ್ರೂ ಮೇಯತಾವ."

"ನಗಬ್ಯಾಡ. ನಾ ಅಥಣಿಗೆ ಹೋಗಿ ಪಟ್ಟಾ ತರತೇನಿ. ಯಾರರ ಬಂದ್ರ ಚೀಲ ಇಡಸ್ಕೊ" ಎಂದು ಅವಳು ಬಸ್ ಹತ್ತಿದಳು.

ಒರಳಿನ ವಿಷಯ ಅವನಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಮಷಿನ್ ತಂದ ದಿನದಿಂದ ಅವನು ಅದನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಅಷ್ಟು ಸಿಟ್ಟು ಅವನಿಗೆ.

ಮಧ್ಯಾಹ್ನ ರಾವಸಾಹೇಬನ ಹೆಂಡತಿ ಉಜ್ವಲಾ ತಮ್ಮ ಮನೆಯ ಖಾರದ ಸಾಮಾನು ತಂದಳು. ಮನೆಗೆ, ದಿಂಡಿಗೆ ಎರಡಕ್ಕೂ ಸೇರಿದ ಚೀಲಗಳು. ಅದೇ ಹೊತ್ತಿಗೆ ಕರೆಂಟ್ ಬಂತು. ಮಲಕಾರಿ ಚೀಲ ನೋಡಿದ, ಉರಿಯುವ ಬಲ್ಬ್ ನೋಡಿದ, ಎದ್ದು ನಿಂತ. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಾಯಿತೆಂದು ಅವನಿಗೂ ಹೇಳಲು ಬರುವುದಿಲ್ಲ. ಬಿಸಿಲಿನಲ್ಲಿ ಪಟ್ಟಾ ತರಲು ಕುಂಟುತ್ತ ಹೋದ ಹೆಂಡತಿಯ ಬೆನ್ನು ನೆನಪಾಯಿತಂತೆ, ಅಷ್ಟೇ.

"ಕಾಕಾ, ನಿಮಗ ಬರತೈತೇನ್ರಿ?" ಎಂದು ಉಜ್ವಲಾ ಅನುಮಾನದಿಂದ ಕೇಳಿದಳು.

"ಏನ್ ತಂಗಿ, ಇಷ್ಟ್ ಕುರಿ ಕಾಯಾಂವಗ ಎರಡು ಒಳ್ಳ ಕಾಯಾಕ ಬರಂಗಿಲ್ಲೇನು? ನಿಮ್ದು ಅರಿಷಿಣ ಹಚ್ಚಿದ್ದು. ನನಗ ಗೊತ್ತೈತಿ."

ಚಪ್ಪಲಿ ಬಿಟ್ಟ. ರುಮಾಲು ತೆಗೆದಿಟ್ಟ. ವಿಠೋಬನ ಒರಳಿಗೆ ಕೈಮುಗಿದು, ಹೆಂಡತಿ ಮಾಡುವುದನ್ನು ಕಳ್ಳಗಣ್ಣಿನಲ್ಲಿ ನೋಡಿ ಕಲಿತಿದ್ದ ಹಾಗೆಯೇ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಕುಟ್ಟಿ, ಸಾಣಿಗೆ ಹಿಡಿದು, ಉಳಿದ ತರಿ ಮತ್ತೆ ಹಾಕಿ ಕುಟ್ಟಿಕೊಟ್ಟ. ಉಜ್ವಲಾ ಖಾರದ ಬಣ್ಣ ನೋಡಿ ಮೆಚ್ಚಿ ಒಯ್ದಳು.

ಸಾವಿತ್ರೆವ್ವ ಹೆಗಲಿಗೆ ಪಟ್ಟಾ ಹಾಕಿಕೊಂಡು ಬಸ್ಸಿನಿಂದ ಇಳಿದಾಗ ಹೊತ್ತು ಮುಳುಗಲು ಬಂದಿತ್ತು. ಗಂಡ ಬಾಗಿಲಲ್ಲಿ ಕೂತಿದ್ದ. ಕಣ್ಣು ಕೆಂಡ, ಮೂಗಿನಿಂದ ನೀರು, ಬಿಳಿ ಮೀಸೆ ಕೆಂಪಾಗಿತ್ತು. ಮುಖದ ತುಂಬ ನಗೆ.

"ರಾವಸಾಹೇಬ್ರ ಮನಿ ಖಾರ ಕುಟ್ಟಿ ಕಳಿಸೇನಿ ನೋಡು. ನೀ ಒಬ್ಬಾಕಿನ ಅಲ್ಲ ಕುಟ್ಟಾಕಿ."

"ಯಾವ ಒಳ್ಳದಾಗ?"

"ಮತ್ತ ಯಾವುದ್ರಾಗ? ವಿಠೋಬಂದು. ಚಪ್ಪಲಿ ಬಿಟ್ಟ ಕುಟ್ಟೇನಿ."

ಅವಳು ಹೆಗಲಿನ ಪಟ್ಟಾ ಕೆಳಗಿಟ್ಟಳು. ಬೆಳಿಗ್ಗೆ ಆದದ್ದನ್ನು ಹೇಳಿದಳು. ಅವನ ನಗೆ ಇಳಿಯಿತು. ಮೀಸೆ ಒರೆಸಿಕೊಳ್ಳುತ್ತ ಹೇಳಿದ:

"ಅಷ್ಟ ಖಾರದಾಗ ಒಂದೀಟ ವಾಸನಿ. ಯಾರಿಗೆ ಗೊತ್ತಾಗತೈತಿ? ಸುಮ್ಮಕಿರು. ಹೇಳಿದ್ರ ಆ ರಾವಸಾಹೇಬ ಇವತ್ತ ಜಾಗಾ ಖಾಲಿ ಮಾಡಸ್ತಾನ."

"ಗೊತ್ತೈತಿ."

"ಮತ್ತ ಕುರಿ ಹಿಂದ ನಡೀತಿ ಏನು? ಆಗತೈತಿ ನಿನಗ?"

"ಆಗಂಗಿಲ್ಲ."

"ಹಂಗಾರ?"

ಸಾವಿತ್ರೆವ್ವ ಅವನ ಮುಖ ನೋಡಿದಳು. "ಮಂದಿ ಗುರುತಿನ ಕುರಿ ನಮ್ಮ ಹಿಂಡಿನಾಗ ಬಂದು ಸೇರಿದ್ರ ಏನ್ ಮಾಡ್ತಿ ನೀ? ಯಾರೂ ನೋಡಿಲ್ಲಂತ ಸುಮ್ಮಕಿರ್ತಿ?"

ಅನ್ಯರ ಕುರಿ ಸೇರಿತೆಂದರೆ ಊರೂರು ಕೇಳುತ್ತ ಹಿಂದೆ ನಡೆದು ಹೋಗಿ ಬಿಟ್ಟುಬರುವ ಮನುಷ್ಯ ಅವನು. ಅವಳು ಅದನ್ನು ಎಷ್ಟೋ ಸಲ ಕಂಡವಳು, ಅದಕ್ಕಾಗಿ ಅವನ ಜೊತೆ ಜಗಳವಾಡಿದವಳು. ಮಲಕಾರಿ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಕೋಲು ತೆಗೆದುಕೊಂಡ.

"ಏಳು. ಉಣ್ಣೂದ್ರಾಗ ಮುಟ್ಟಬೇಕು."

ಹೊಸ ಖಾರ ಬಂದ ದಿನ ಅದರ ಮೊದಲ ಸಾರು ಮಾಡಿ ವಿಠ್ಠಲನಿಗೆ ಎಡಿ ತೋರಿಸಿ, ಅಂದರೆ ನೈವೇದ್ಯ ಮಾಡಿ, ಆಮೇಲೆ ಮನೆಮಂದಿ ಉಣ್ಣುವುದು ಕಾಳವ್ವನ ಮನೆಯ ಪದ್ಧತಿ. ಅವಳ ಮನೆ ಊರ ಹೊರಗೆ ದ್ರಾಕ್ಷಿ ತೋಟದಲ್ಲಿ. ಸಾವಿತ್ರೆವ್ವನ ಕಾಲಿಗೆ ಅದು ದೂರ. ಕುಂಟುತ್ತ ರಸ್ತೆ ಹಿಡಿದಾಗ ಹಿಂದಿನಿಂದ ಬಂದದ್ದು ರಾವಸಾಹೇಬನದೇ ಟ್ರ್ಯಾಕ್ಟರ್. ಓಡಿಸುವವನು ಬಾಳಾಸಾಬ.

"ಏನ್ ಕಾಕು, ಓಟದ ಶರ್ಯತ್ತ ಏನು?"

"ಕಾಳವ್ವಾಯಿ ಮನಿಗೆ ಬಿಡಪಾ. ಲಗೂ."

ಖಾಲಿ ಟ್ರಾಲಿಯಲ್ಲಿ ಕಬ್ಬಿನ ರವದಿಯ, ಅಂದರೆ ಒಣ ಸೋಗೆಯ ಮೇಲೆ ಗಂಡಹೆಂಡಿರು ಕೂತರು. ಗುಂಡಿ ಬಂದಾಗ ಅವನು ಅವಳ ಮೊಣಕಾಲಿನ ಕೆಳಗೆ ಮಡಚಿದ ಕಂಬಳಿ ತುರುಕಿದ.

ಅವರು ಅಂಗಳ ಮುಟ್ಟಿದಾಗ ಕಾಳವ್ವ ಎಡಿಯ ತಾಟು ಹಿಡಿದು ದೇವರ ಮಾಡದ ಮುಂದೆ ಬಗ್ಗುತ್ತಿದ್ದಳು. ಅನ್ನದ ಮೇಲೆ ಕೆಂಪು ಸಾರು ಹೊಗೆಯಾಡುತ್ತಿತ್ತು.

"ಆಯಿ, ಎಡಿ ಇಡಬ್ಯಾಡ್ರಿ!"

ಸಾವಿತ್ರೆವ್ವ ಹೊಸ್ತಿಲ ಹೊರಗೇ ನಿಂತು ಕೂಗಿದಳು. ಕಾಳವ್ವ ತಾಟು ಹಿಡಿದುಕೊಂಡೇ ತಿರುಗಿದಳು. ಊಟಕ್ಕೆ ಕೂತಿದ್ದ ರಾವಸಾಹೇಬ ಎದ್ದು ಬಂದ. ಸಾವಿತ್ರೆವ್ವ ಎಲ್ಲ ಹೇಳಿದಳು: ಹರಿದ ಪಟ್ಟಾ, ಬೇರೆ ಮನೆಯ ಬೆಳ್ಳುಳ್ಳಿ ಖಾರ, ಜೋಳ ಕುಟ್ಟದೆ ಉಳಿದ ಒರಳು. ಸೋನಾಲಿಯ ಹೆಸರು ಹೇಳಲಿಲ್ಲ. ಗಂಡನ ಹೆಸರೂ ಹೇಳಲಿಲ್ಲ. ಅವನೇ ಮುಂದೆ ಬಂದ.

"ಕುಟ್ಟಿದಾಂವ ನಾನ್ರಿ ಆಯಿ. ಆಕಿ ಊರಾಗ ಇರಲಿಲ್ಲ."

"ಸ್ವಚ್ಛ ಮಾಡಲಾರ್ದ ಬಿಟ್ಟ ಹೋದಾಕಿ ನಾನು" ಎಂದಳು ಅವಳು.

ರಾವಸಾಹೇಬನ ದನಿ ತೋಟದ ಆಚೆಗೂ ಕೇಳಿಸಿತು. "ಕುರಿ ಕಾಯೂ ಮಂದಿ ಕೈಯಾಗ ಕೊಟ್ರ ಹಿಂಗ ಆಗೂದು! ಧರ್ಮ ಕೆಡಿಸಿದ್ರಿ ನಮ್ದು! ನಾಳೆ ಮುಂಜಾನಿ ಬಾಳಾಸಾಬ ಟ್ರ್ಯಾಕ್ಟರ್ ತರತಾನ. ನಿಮ್ಮ ಕಬ್ಬಣ ಎತ್ಕೊಂಡ ನಡೀರಿ."

ಇಂಥವರಿಗೆ ಧರ್ಮ ನೆನಪಾಗುವುದು ಜಾಗ ಬೇಕಾದಾಗ. ಆ ಮನುಷ್ಯನ ದನಿಯಲ್ಲಿ ಸಂಕಟವಿರಲಿಲ್ಲ, ಮಳಿಗೆಗಳ ಪಾಯ ತೆಗೆಯುವ ಸಡಗರವಿತ್ತು. ಸಂಕಟವಿದ್ದದ್ದು ತಾಟು ಹಿಡಿದು ನಿಂತ ಮುದುಕಿಯ ಮುಖದಲ್ಲಿ.

"ಉಂಡಿದ್ರ ನನಗ ಗೊತ್ತಾಗತಿತ್ತೇನು?" ಎಂದು ಕಾಳವ್ವ ಕೇಳಿದಳು.

"ಇಲ್ರಿ ಆಯಿ."

"ಮತ್ತ ಯಾಕ ಬಂದಿ?"

"ನಂದಾದ್ರ ಸುಮ್ಮಕಿರ್ತಿದ್ದೆ ಏನೋ. ಅದು ನಿಮ್ಮ ದೇವರ ಒಳ್ಳರಿ."

ಕಾಳವ್ವ ತಾಟನ್ನು ಸೊಸೆಯ ಕೈಗೆ ಕೊಟ್ಟು, ಮಾಲೆ ಹಿಡಿದುಕೊಂಡು ಒಳಗೆ ಹೋದಳು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ನಮ್ಮ ಮನೆಯ ಮೆಣಸಿನಕಾಯಿ ಹೊತ್ತು ಶೆಡ್ಡಿಗೆ ಹೋದಾಗ ಸಾವಿತ್ರೆವ್ವ ಒನಕೆಗಳನ್ನು ಬಿಚ್ಚಿ ಗೋಣಿತಾಟಿನ ಮೇಲೆ ಮಲಗಿಸುತ್ತಿದ್ದಳು. ಅಥಣಿಯಿಂದ ತಂದ ಹೊಸ ಪಟ್ಟಾ ಮೊಳೆಗೆ ತೂಗಾಡುತ್ತಿತ್ತು. ಮಲಕಾರಿ ಮೋಟರಿನ ನಟ್ ಸಡಿಲಿಸುತ್ತಿದ್ದ. ಸಾಲಿನಲ್ಲಿ ನಿಂತ ಹೆಂಗಸರಿಗೆ ವಿಷಯ ಗೊತ್ತಾಗಿತ್ತು. ಮಾಲೆ ಹಾಕಿದ ಮನೆಯ ಇಬ್ಬರು ಚೀಲ ಎತ್ತಿಕೊಂಡು ಮುಖ ತಿರುಗಿಸಿ ಹೋದರು. ಉಳಿದವರು ಹೋಗಲೂ ಆಗದೆ ನಿಲ್ಲಲೂ ಆಗದೆ ನಿಂತಿದ್ದರು.

ಟ್ರ್ಯಾಕ್ಟರ್ ಬಂತು. ಟ್ರಾಲಿಯಲ್ಲಿ ಆಳುಗಳಿರಬೇಕಿತ್ತು. ಇದ್ದದ್ದು ಕಾಳವ್ವ. ಕಬ್ಬಿನ ರವದಿಯ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಟ್ರಾಲಿಯ ಅಂಚು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಉಜ್ವಲಾ, ಅವಳ ಮುಂದೆ ಮೆಣಸಿನಕಾಯಿಯ ಚೀಲಗಳು. ಬಾಳಾಸಾಬ ಎಂಜಿನ್ ನಿಲ್ಲಿಸದೆ ತಲೆ ಕೆರೆದುಕೊಂಡ.

"ಆಯಿ, ಸಾಹೇಬ್ರು ಮಷಿನ್ ಎತ್ತಾಕ ಹೇಳ್ಯಾರ್ರಿ."

"ಮೊದ್ಲ ನನ್ನ ಇಳಸು."

ಇಳಿಸಿದರು. ಕುರ್ಚಿಯನ್ನೂ ಇಳಿಸಿದರು. ಕಾಳವ್ವ ಅದನ್ನು ವಿಠೋಬನ ಒರಳಿನ ಪಕ್ಕಕ್ಕೆ ಎಳೆಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು.

"ಈಗ ಎತ್ತು. ನನ್ನ ಕುರ್ಚಿ ಸೈತ ಎತ್ತು."

ಬಾಳಾಸಾಬ ಎಂಜಿನ್ ನಿಲ್ಲಿಸಿದ.

"ಸಾವಿತ್ರಿ, ಒನಕಿ ಹಚ್ಚು. ಜೋಳ ಹಾಕು. ನನ್ನ ಕಣ್ಣ ಮುಂದ ಹಾಕು."

ಸಾವಿತ್ರೆವ್ವನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಹೆದರದ ಮೂಗು ಸುರ್ರೆಂದಿತು. "ಆಯಿ, ನೀವು ನನ್ನ ಮ್ಯಾಲೆ ಇಷ್ಟ ನಂಬಿಗಿ..."

"ಯಾರಂದ್ರು ನಂಬಿಗಿ ಐತಿ ಅಂತ? ನಂಬಿಗಿ ಇಲ್ಲಂತನ ಕುಂತೀನಿ. ಖರೆ ಹೇಳ್ತಿ, ಅದು ಗೊತ್ತಾತು. ಆದ್ರ ತಪ್ಪ ಮಾಡಿಂದ ಹೇಳ್ತಿ. ನನಗ ತಪ್ಪ ಆಗೂಕಿಂತ ಮೊದ್ಲ ನೋಡಬೇಕು. ಸೀಜನ್ ಮುಗಿಯೂ ತನಕ ಇಲ್ಲೇ ಕುಂಡ್ರಾಕಿ ನಾನು."

ಅಷ್ಟರಲ್ಲಿ ಮೋಟಾರ್ ಸೈಕಲ್ ಮೇಲೆ ರಾವಸಾಹೇಬ ಬಂದ. ತಾಯಿಯನ್ನು ಆ ಧೂಳಿನ ನಡುವೆ ಕಂಡು ಗಾಡಿಯಿಂದ ಜಿಗಿದ. "ಯವ್ವಾ, ಏನಿದು? ನಾಲ್ಕ ಮಂದಿ ನೋಡಾಕತ್ತಾರ. ಇಕಿ ನಮ್ಮ ಧರ್ಮ ಕೆಡಿಸ್ಯಾಳ!"

"ನಿನ್ನ ಧರ್ಮ ಇಲ್ಲಿ ಯಾಕ ಹುಡಕ್ತಿ? ಮಿರಜ ರಸ್ತೆದ ಧಾಬಾದಾಗ ನಿನ್ನ ಮಾಲಿ ಜೇಬಿನಾಗ ಇಳೀತೈತಿ, ಅಂಡಾ ಬುರ್ಜಿ ಹೊಟ್ಟ್ಯಾಗ ಇಳೀತೈತಿ. ನನಗ ಗೊತ್ತಿಲ್ಲಂತ ಮಾಡಿ ಏನು?"

ಮೊದಲು ನಕ್ಕವಳು ಉಜ್ವಲಾ. ಸೆರಗು ಬಾಯಿಗಿಟ್ಟುಕೊಂಡು, ಕೆಮ್ಮಿನ ನೆಪ ಮಾಡಿ ನಕ್ಕಳು. ಆಮೇಲೆ ಓಣಿಯೇ ನಕ್ಕಿತು. ಕಾಳವ್ವ ನಗಲಿಲ್ಲ.

"ಮೊದ್ಲ ಬ್ಯಾರೆ ಊರ ಮಷಿನ್ನಿಗೆ ವರ್ಷಾನಗಟ್ಲೆ ಹಾಕಿದ್ವಿ. ಅವ್ರು ಒಬ್ರೂ ಬಂದು ಇಂಥಾದ್ದು ಹೇಳಲಿಲ್ಲ. ಅಲ್ಲಿ ಎಷ್ಟ ಬಳ್ಳೊಳ್ಳಿ ಉಂಡೀನೋ, ಆ ವಿಠ್ಠಲಗ ಗೊತ್ತು. ಹೇಳಾಕಿ ಒಬ್ಬಾಕಿ ಸಿಕ್ಕಾಳ. ಆಕಿನ್ನ ಎತ್ತಿ ಒಗದು, ಹೇಳಲಾರ್ದವ್ರ ಕಡೆ ಹೋಗ್ಲೇನು ನಾನು? ನಡಿ, ತೋಟಕ್ಕ ನೀರ ಬಿಡು ಹೋಗು."

ರಾವಸಾಹೇಬ ಕಿಕ್ ಹೊಡೆದ. ಗಾಡಿ ಒಂದೇ ಏಟಿಗೆ ಚಾಲೂ ಆಗಲಿಲ್ಲ, ಅದಕ್ಕೂ ಒಂದಿಷ್ಟು ನಗು ಬಿತ್ತು.

ಆ ದಿನದ ಕೆಟ್ಟ ಖಾರ ಏನಾಯಿತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಕಾಳವ್ವ ಅದನ್ನು ಹೊರಗೆ ಚೆಲ್ಲಗೊಡಲಿಲ್ಲ. ಬೀರಪ್ಪನ ಒರಳಿಗೆ ಹಾಕಿಸಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಧಾರಾಳ ಸೇರಿಸಿ ಕುಟ್ಟಿಸಿ, ಹಂಗಾಮು ಮುಗಿಸಿ ಊರಿಗೆ ಹೊರಟಿದ್ದ ಕಬ್ಬು ಕಡಿಯುವ ಟೋಳಿಯ ಹೆಂಗಸರಿಗೆ ಹಂಚಿಸಿದಳು. ಅವರು ಹರಸಿದ ಹರಕೆ ಯಾವ ದೇವರಿಗೆ ಮುಟ್ಟಿತೋ ಗೊತ್ತಿಲ್ಲ.

ಬೇಸಗೆ ಪೂರ್ತಿ ಕಾಳವ್ವ ಆ ಕುರ್ಚಿ ಬಿಡಲಿಲ್ಲ. ಮುಖಕ್ಕೆ ಒದ್ದೆ ಪಂಚೆ ಸುತ್ತಿಕೊಂಡು, ಕಣ್ಣು ಮಾತ್ರ ಹೊರಗಿಟ್ಟು ಕೂತಳು. ಬಂದ ಪ್ರತಿ ಚೀಲಕ್ಕೂ ಮೂಗು ಹಚ್ಚಿದಳು. ಸಾವಿತ್ರೆವ್ವ ಜೋಳ ಕಡಿಮೆ ಹಾಕಿದರೆ "ಏ, ಯಾರಿಗೆ ಉಳಸ್ತಿ?" ಎಂದಳು. ಹೆಚ್ಚು ಹಾಕಿದರೆ "ಏ, ಜ್ವಾಳ ನಿಮ್ಮಪ್ಪ ಕೊಟ್ಟಾನೇನು?" ಎಂದಳು. ಮಲಕಾರಿ ಮರಿಗಳ ಔಷಧ ಒಯ್ದು ಮತ್ತೆ ಬಂದಾಗ, ಹಳದಿ ಒರಳಿನಿಂದ ಒಂದು ಮಾರು ದೂರದಲ್ಲಿ ಸುಣ್ಣದ ಗೆರೆ ಎಳೆಸಿ, "ನಿನ್ನ ಹದ್ದ ಇಲ್ಲೀ ತನಕ" ಎಂದಳು. ಅವನು ಗೆರೆಯ ಈಚೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸತೊಡಗಿದ. ಬೆರಳು ಉರಿದಾಗ ಹೆಂಡತಿಗೆ ಗೊತ್ತಾಗದ ಹಾಗೆ ಕಂಬಳಿಗೆ ಒರೆಸಿಕೊಳ್ಳುತ್ತಿದ್ದ. ಅವಳಿಗೆ ಗೊತ್ತಾಗುತ್ತಿತ್ತು.

ಕಾಳವ್ವ ಕೂತಿದ್ದಾಳೆಂಬ ಸುದ್ದಿ ಹಬ್ಬಿದ ಮೇಲೆ ಮುಖ ತಿರುಗಿಸಿ ಹೋದ ಇಬ್ಬರೂ ಮರಳಿ ಬಂದರು. ಅವರ ಹಿಂದೆ ಉಗಾರದಿಂದ, ಕಾಗವಾಡದಿಂದ ಮಾಲೆ ಹಾಕಿದ ಮನೆಗಳ ಚೀಲಗಳು ಬಂದವು. ಚೀಲದ ಜೊತೆ ಅತ್ತೆಯರು ಬಂದರು, ಅತ್ತೆಯರ ಹಿಂದೆ ಸೊಸೆಯರು. ನಮ್ಮ ಊರಿನಲ್ಲಿ ಗಂಡಸರು ಕೂತು ಕಾಲ ಕಳೆಯಲು ಪ್ರತಿ ಬೇವಿನ ಮರಕ್ಕೂ ಕಟ್ಟೆಯಿದೆ, ಪ್ರತಿ ಚಹಾದಂಗಡಿಗೂ ಬೆಂಚಿದೆ. ಪೇಟೆಗೆ ಬಂದ ಹೆಣ್ಣುಮಗಳು ಕೂತು ಒಂದು ಗುಟುಕು ನೀರು ಕುಡಿಯಲು ಇಷ್ಟು ವರ್ಷ ಯಾರೂ ಒಂದು ಕಲ್ಲು ಹಾಕಿಸಿರಲಿಲ್ಲ. ಈಗ ತಗಡಿನ ಶೆಡ್ಡಿನ ನೆರಳಿನಲ್ಲಿ ಕೂರುತ್ತಾರೆ, ಸೀನುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಸೋನಾಲಿ ಒಂದು ದಿನ ಕೂಸನ್ನು ಎತ್ತಿಕೊಂಡೇ ಬಂದಳು. ನಡೆದದ್ದನ್ನೆಲ್ಲ ಕೇಳಿ ಬೆಳ್ಳಗಾಗಿ ಕಾಳವ್ವನ ಕಾಲು ಹಿಡಿಯಲು ಹೋದಳು.

"ಕಾಲ ಬಿಡು, ಕೂಸಿನ್ನ ಹೊರಗ ಒಯ್ಯಿ, ಘಾಟ ಬಡೀತೈತಿ" ಎಂದು ಮುದುಕಿ ಗದರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕುರ್ಚಿ ಖಾಲಿ. ಕಾಳವ್ವ ಪಂಕ್ಚರ್ ಅಂಗಡಿಯ ನೆರಳಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅಲ್ಲಿಂದಲೇ ಒರಳಿನ ಮೇಲೆ ಕಣ್ಣಿಟ್ಟಿದ್ದಳು.

ಮಳೆ ಬಂತು. ಖಾರದ ಹಂಗಾಮು ಮುಗಿಯಿತು. ದಿಂಡಿ ಹೊರಡುವ ಮುನ್ನ ಕಾಳವ್ವ ಶೆಡ್ಡಿಗೆ ಬಂದು, "ನಡಿ, ಪಂಢರಪುರಕ್ಕ. ಇಷ್ಟ ದಿನ ಆಂವನ ಒಳ್ಳ ತಿರುವಿದಿ, ಮಾರಿ ನೋಡು ಬಾ" ಎಂದು ಕರೆದಳು. ತನಗೆ ಟ್ರ್ಯಾಕ್ಟರಿನಲ್ಲಿ ಜಾಗವಿದೆ, ಉಳಿದವರು ನಡೆಯಬೇಕು ಎಂದೂ ಹೇಳಿದಳು.

"ನಾ ನಡಿಯೂದೆಲ್ಲ ನಡದು ಮುಗಿಸೀನ್ರಿ ಆಯಿ" ಎಂದಳು ಸಾವಿತ್ರೆವ್ವ. "ಆಂವಗ ಬೇಕಂದ್ರ ಇಲ್ಲೇ ಬರ್ಲಿ. ಒಳ್ಳ ಐತಲ್ಲ."

"ಬಾಯಿ ಬಾಳ ಆಗೇತಿ ನಿಂದು" ಎಂದು ಕಾಳವ್ವ ಎದ್ದಳು. ಕುರ್ಚಿಯನ್ನು ಮನೆಗೆ ಒಯ್ಯಿಸಿಕೊಂಡು ಹೋದಳು. ಸಾವಿತ್ರೆವ್ವನ ಮುಖ ಸ್ವಲ್ಪ ಸಣ್ಣದಾಯಿತು. ಮುದುಕಿಯ ಕಾವಲು ಒಂದೇ ಬೇಸಗೆಯದು, ಮುಂದಿನ ವರ್ಷ ಮಗ ಮತ್ತೆ ಟ್ರ್ಯಾಕ್ಟರ್ ಕಳಿಸಬಹುದು ಎಂಬ ಹೆದರಿಕೆ ಮಳೆಗಾಲ, ಚಳಿಗಾಲ ಎರಡೂ ಅವಳ ಜೊತೆಗಿತ್ತು.

ಈ ವರ್ಷ ಹೋಳಿಯ ಮರುದಿನ ಮೆಣಸಿನಕಾಯಿ ಇನ್ನೂ ಮಾಳಿಗೆಯ ಮೇಲೆ ಒಣಗುತ್ತಿರುವಾಗಲೇ ಟ್ರ್ಯಾಕ್ಟರ್ ಬಂದು ಶೆಡ್ಡಿನ ಮುಂದೆ ನಿಂತಿತು. ಸಾವಿತ್ರೆವ್ವ ಸೆರಗು ಬಿಗಿದು ಹೊರಗೆ ಬಂದಳು. ಬಾಳಾಸಾಬ ಒಬ್ಬನೇ ಇದ್ದ. ಟ್ರಾಲಿಯಿಂದ ಕುರ್ಚಿ ಇಳಿಸಿ ಹಳದಿ ಒರಳಿನ ಪಕ್ಕಕ್ಕೆ ಇಟ್ಟ. ಅದಕ್ಕೀಗ ಹಳೆಯ ಇಳಕಲ್ ಸೀರೆಯಿಂದ ಹೊಲಿದ ದಪ್ಪ ಮೆತ್ತೆಯಿತ್ತು.

"ಆಯಿ ಹೇಳಿ ಕಳಿಸ್ಯಾರ," ಎಂದ. "ಇನ್ನೂ ನಂಬಿಗಿ ಬಂದಿಲ್ಲಂತ."

ಸಾವಿತ್ರೆವ್ವ ಮೆತ್ತೆಯ ಮೇಲಿನ ಧೂಳು ಝಾಡಿಸಿದಳು.

"ನಂಬಿಗಿ ಬರೂದು ಬ್ಯಾಡಂತ ಹೇಳು" ಎಂದಳು. "ಬಂದ್ರ ಮನ್ಯಾಗ ಕುಂಡರತಾರ."